ಸಮ ಇಲ್ಲಂದ್ರ ಮೋಸಾನ?

ಈ ವಾರ ನಮ್ಮ ಜೂನಿಯರ್ ಹುಡುಗಿದು ಪ್ರಿ-ಸಬ್ಮಿಷನ್ ವೈವಾ, ಅಂದ್ರ ಥೀಸಿಸ್ ಸಲ್ಲಿಸೋ ಮೊದ್ಲಿನ ಮೌಖಿಕ ಪರೀಕ್ಷೆ, ಇತ್ತು. ಹೊರಗಿಂದ ಬಂದ ಸರ್ ಒಬ್ರು ಸ್ಲೈಡ್ ನೋಡಿದವ್ರೇ, "ಏನಮ್ಮಾ, ಲ್ಯಾಂಬ್ಡಾ ಬೆಲೆ ಸಮ ಅಂತರದಾಗ ಯಾಕಿಲ್ಲ? ಬೇಕಾದ ಉತ್ತರ ಬರ್ಲಿ ಅಂತ ಸರಿಸಿ ಇಟ್ಟೀಯೇನು?" ಅಂದ್ರು. ಮೊದ್ಲೇ ಕಲಬುರಗಿ ಬಿಸಿಲು, ಆ ಪಾಪದ ಹುಡುಗಿ ಮಾರಿ ಕೆಂಪಗಾಗಿ ಹೋತು.

ಸರಿಸಿ ಇಟ್ಟೀಯೇನು ಅಂತ! ಆಕಿ ಮಾಡೋದು ನೀರಾಗಿನ ಒಂದು ಸಣ್ಣ ಮಾಲಿಕ್ಯೂಲನ್ನ ಕಂಪ್ಯೂಟರಿನ್ಯಾಗ ಸ್ವಲ್ಪ ಸ್ವಲ್ಪ ಅಳಿಸಿ ಫ್ರೀ ಎನರ್ಜಿ, ಅಂದ್ರ ಅದು ನೀರಾಗ ಇರೋದಕ್ಕೂ ಇಲ್ಲದ್ದಕ್ಕೂ ನಡುವಿನ ಶಕ್ತಿಯ ವ್ಯತ್ಯಾಸ, ತೆಗಿಯೋ ಕೆಲಸ, ಎಷ್ಟು ಅಳಿಸೇದ ಅಂತ ಹೇಳೋ ನಂಬರೇ ಲ್ಯಾಂಬ್ಡಾ, ನಡುವಿನ ಅರ್ಧಮರ್ಧ ಸ್ಥಿತಿಗಳು ಲೋಕದಾಗ ಎಲ್ಲೂ ಇಲ್ಲ, ನಾವೇ ಹುಟ್ಟಿಸಿದ್ವು, ಫ್ರೀ ಎನರ್ಜಿ ಸ್ಟೇಟ್ ಫಂಕ್ಷನ್, ಅಂದ್ರ ಮೊದ್ಲಿನ ಮತ್ತ ಕಡೀ ಸ್ಥಿತಿಗಷ್ಟೇ ಸೇರಿದ್ದು, ಆದ್ರಿಂದ ಯಾವ ದಾರಿ ಹಿಡಿದ್ರೂ ನಿಜವಾದ ಉತ್ತರ ಒಂದೇ. ಮೊದ್ಲು ಮಾಲಿಕ್ಯೂಲಿನ ವಿದ್ಯುತ್ ಚಾರ್ಜ್ ತೆಗಿಯೋದು ಸಲೀಸು, ಕಮ್ಮಿ ವಿಂಡೋ, ಅಂದ್ರ ಲ್ಯಾಂಬ್ಡಾ ಹೆಜ್ಜಿ, ಸಾಕು. ಆಮ್ಯಾಲ ಲೆನಾರ್ಡ್-ಜೋನ್ಸ್, ಅಂದ್ರ ಅಣುಗಳು ಒಂದನ್ನೊಂದು ಎಳೆದು ತಳ್ಳೋ ಬಲ, ಕರಗಿಸೋ ಮುಂದ ನೋಡ್ರಿ, ಮಾಲಿಕ್ಯೂಲ್ ಮಾಯ ಆಗ್ಲಿಕತ್ತಂಗ ಆ ಜಾಗಕ್ಕ ನೀರು ನುಗ್ಗತದ, ಆ ತಳ್ಳಾಟ ಮೆತ್ತಗ ಮಾಡೋ ಸಾಫ್ಟ್-ಕೋರ್ ಸೂತ್ರ ಹಚ್ಚಿದ್ರೂ ಏರಿಳಿತ ಜೋರೇ, ವಿಂಡೋ ದಟ್ಟ ಇಡ್ಬೇಕಾದ್ದು ಅಲ್ಲಿ. ಇಲ್ಲಂದ್ರ ಪಕ್ಕಪಕ್ಕದ ಎರಡು ಸ್ಥಿತಿ ಒಂದನ್ನೊಂದು ಮುಟ್ಟೋದೇ ಇಲ್ಲ, ಆಗ ಫ್ರೀ ಎನರ್ಜಿ ಲೆಕ್ಕ ಹಾಕೋ 1976ರ ಬೆನೆಟ್ ಮೆಥಡ್ ಹಚ್ಚ್ರಿ, 2008ರ ಎಂಬಾರ್ ಮೆಥಡ್ ಹಚ್ಚ್ರಿ, ಬರೋ ನಂಬರ್ ನಂಬಂಗಿಲ್ಲ.

ಹುಡುಗಿ ಸಣ್ಣ ದನಿಯಾಗೇ ಓವರ್‌ಲ್ಯಾಪ್ ಮ್ಯಾಟ್ರಿಕ್ಸ್, ಅಂದ್ರ ಯಾವ ಸ್ಥಿತಿ ಯಾವುದನ್ನ ಎಷ್ಟು ಮುಟ್ಟತದ ಅನ್ನೋ ಕೋಷ್ಟಕ, ತೆಗೆದು ತೋರ್ಸಿದ್ಳು. "ಸರ್, ಪಕ್ಕದ ಸ್ಟೇಟ್ ಜೊತಿ ಕನಿಷ್ಠ 0.03 ಇರ್ಬೇಕಂತಾರ್ರಿ, ಎಲ್ಲೂ ಅದಕ್ಕಿಂತ ಕಮ್ಮಿ ಇಲ್ರಿ. ಸಮ ಇಟ್ಟಾಗ ಇಲ್ಲಿ ಸೊನ್ನಿ ಬಂದಿತ್ತು." ಸರ್ "ಹೂಂ" ಅಂದು ಬಿಸ್ಕಿಟ್ ತಗೊಂಡ್ರು. ಕೆಟ್ಟವ್ರಲ್ಲ ಬಿಡ್ರಿ, ಅವ್ರ ಕಡಿ ಪ್ರಯೋಗದಾಗ ಸಮ ಅಂತರದ ರೀಡಿಂಗ್ ಅಂದ್ರ ಶಿಸ್ತು. ಆದ್ರ ಗೊತ್ತಿಲ್ಲದ್ದನ್ನ ಕೇಳೋದು ಬ್ಯಾರೆ, ಅನುಮಾನ ಪಡೋದು ಬ್ಯಾರೆ.

ಇದೇ ದನಿ ನಾ ಬೆಂಗಳೂರಾಗೂ ಕೇಳೀನಿ. ಕಲ್ಯಾಣ ಕರ್ನಾಟಕಕ್ಕ ಮೀಸಲಾತಿ ಕೊಡೋ ಸಂವಿಧಾನದ ಕಲಂ ಹೆಸರು ಹೇಳಿ, 371ಜೆ ಸೀಟಾ ಅಂತ ಒಂದು ನಮೂನಿ ನಕ್ಕು ಕೇಳ್ತಾರ, ಕಲಬುರಗಿ ಕಡಿ ಕಾಲೇಜಿನ್ಯಾಗ 70 ಪರ್ಸೆಂಟ್ ಸೀಟು ನಮ್ಮ ಭಾಗದವ್ರಿಗೆ ಅಂದ್ರ ಯಾರೋ ಲೆಕ್ಕ ತಿದ್ದಿದಂಗ ಮಾರಿ ಮಾಡ್ತಾರ, ಆ ಕಲಂ ಬರೋ ಮೊದ್ಲು, 2012ರ ತನಕ, ಎಲ್ಲಾರಿಗೂ ಒಂದೇ ಅಳತಿ ಹಿಡಿದಾಗ ಬೀದರ್, ಯಾದಗಿರಿ ಎಲ್ಲಿದ್ವು ಅಂತ ಯಾರೂ ಕೇಳಂಗಿಲ್ಲ. ಸಮ ಹಂಚೋದಕ್ಕ ಯಾರೂ ತಲಿ ಕೆಡಿಸ್ಕೊಳ್ಳೋದು ಬೇಕಿಲ್ಲ ನೋಡ್ರಿ, ಎಲ್ಲಿ ಎಷ್ಟು ಕಷ್ಟ ಅದ ಅಂತ ಅಳೆದವ್ರೇ ವಿವರಣಿ ಕೊಡ್ಬೇಕು.

ಕಡೀಕ ಸರ್ ಸಮ ಅಂತರದ್ದೂ ಅಪೆಂಡಿಕ್ಸಿನ್ಯಾಗ ಹಾಕು ಅಂದ್ರು. ಹಾಕ್ತಾಳ, ಎರರ್ ಬಾರ್ ಸಮೇತ.