ಒಂದು ಸೆಂಟಿಮೀಟರ್‌ಗೆ ಒಂದು ಕೋಟಿ ವರ್ಷ: ದುರ್ಗದ ನಮ್ಮ ಮನೆಯ ಪಳೆಯುಳಿಕೆ ಹಲಗೆ

ಕಳೆದ ಭಾನುವಾರ ಹಲಗೆ ಕೊನೆಗೂ ಗೋಡೆಗೆ ಏರಿತು. ಕಾರ್ಪೆಂಟರ್ ಅಣ್ಣ ಮೂರು ಸಲ ಅಳತೆ ಕೇಳಿದರು. "ನಾಲ್ಕು ಮೀಟರ್ ಐವತ್ನಾಲ್ಕು ಅಂದ್ರೆ ಸರಿಯಾಗಿ ಅಷ್ಟೇ ಬೇಕಾ? ನಾಲ್ಕೂವರೆಗೆ ಮುಗಿಸಿದ್ರೆ ಆಗಲ್ವಾ?" ಅಂತ. ಆ ನಾಲ್ಕು ಸೆಂಟಿಮೀಟರ್ ಬಿಟ್ಟರೆ ನಾಲ್ಕು ಕೋಟಿ ವರ್ಷ ಹೋಗುತ್ತೆ ಅಣ್ಣ ಅಂದೆ. ಅವರು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನ ಮುಖ ನೋಡಿದರು. ಆಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು.

ಲೆಕ್ಕ ಇಷ್ಟೇ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಒಂದು ಕೋಟಿ ವರ್ಷಕ್ಕೆ ಒಂದು ಸೆಂಟಿಮೀಟರ್. ನಮ್ಮ ಹಾಲ್ ಗೋಡೆ 12 ಅಡಿ, ಅಂದರೆ 366 ಸೆಂಟಿಮೀಟರ್. ಹಾಗಾಗಿ ಹಲಗೆ ಮೂಲೆಯಲ್ಲಿ ತಿರುಗಿ ಅಡುಗೆಮನೆ ಬಾಗಿಲ ತನಕ ಹೋಗಿದೆ. ಇವತ್ತಿನ ದಿನ ಮುಂಬಾಗಿಲ ಪಕ್ಕ ಇದೆ, ಭೂಮಿ ಹುಟ್ಟಿದ್ದು ಅಡುಗೆಮನೆ ಹತ್ತಿರ. ಅಂಚಿಗೆ ಟೈಲರ್ ಟೇಪನ್ನೇ ಅಂಟಿಸಿದ್ದೇನೆ. ಒಂದೂವರೆ ಮೀಟರಿನ ಟೇಪು ಮೂರು ಬೇಕಾದವು, ಕೊನೆಗೆ ಒಂದು ಚೂರು ಸೇರಿಸಬೇಕಾಯಿತು.

ನಾಲ್ಕು ವರ್ಷದಿಂದ ಕೂಡಿಟ್ಟ ಕಲ್ಲು, ಚಿಪ್ಪು ಎಲ್ಲ ಶೂ ಡಬ್ಬಗಳಲ್ಲಿದ್ದವು. ಯಾರಾದರೂ ಬಂದಾಗ ಡಬ್ಬ ತೆಗೆದು ತೋರಿಸುತ್ತಿದ್ದೆ. "ಇದು ಏಳು ಕೋಟಿ ವರ್ಷದ್ದು, ಇದು ಐವತ್ತು ಕೋಟಿ" ಅಂದರೆ ಎರಡಕ್ಕೂ ಒಂದೇ ಥರ "ಹೌದಾ!" ಅನ್ನುತ್ತಿದ್ದರು. ತಪ್ಪು ಅವರದ್ದಲ್ಲ. ಕೋಟಿ ಅನ್ನುವುದು ಕಿವಿಗೆ ಬೀಳುತ್ತೆ, ಕಣ್ಣಿಗೆ ಕಾಣಲ್ಲ. ಅದನ್ನು ಕಣ್ಣಿಗೆ ಕಾಣಿಸಬೇಕು ಅನ್ನಿಸಿತು.

ಇನ್ನೊಂದು ಕಾರಣವೂ ಇದೆ. ಚಿತ್ರದುರ್ಗದಲ್ಲಿದ್ದುಕೊಂಡು ಪಳೆಯುಳಿಕೆ ಹುಡುಕುವುದು ಮೊದಮೊದಲು ನನಗೆ ಬೇಸರ ತರಿಸುತ್ತಿತ್ತು. ಕಛ್‌ನಲ್ಲಿ ಅಮೋನೈಟ್ (ಸುರುಳಿ ಚಿಪ್ಪಿನ ಹಳೆಯ ಕಡಲಪ್ರಾಣಿ) ಸಿಗುತ್ತೆ, ಹಿಮಾಚಲದ ಸ್ಪಿಟಿಯಲ್ಲಿ ಸಿಗುತ್ತೆ, ತಮಿಳುನಾಡಿನ ಅರಿಯಲೂರಿನಲ್ಲಿ ಸಿಗುತ್ತೆ. ನಮ್ಮಲ್ಲಿ ಒಂದು ಚಿಪ್ಪೂ ಇಲ್ಲ. ಕೋಟೆಯ ಬಂಡೆ ಗ್ರಾನೈಟ್. ಅದು ನೆಲದಾಳದಲ್ಲಿ ಕರಗಿ ತಣಿದ ಕಲ್ಲು, ಅದರಲ್ಲಿ ಜೀವಿಯ ಗುರುತು ಉಳಿಯುವುದಿಲ್ಲ. ಸುತ್ತಲಿನ ಗುಡ್ಡಗಳ ಕಲ್ಲೋ, ಚಿಪ್ಪು ಇರುವ ಪ್ರಾಣಿಗಳು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಆದದ್ದು. "ನಾನು ತಪ್ಪು ಊರಲ್ಲಿ ಹುಟ್ಟಿದೆ" ಅಂತ ಅಮ್ಮನ ಹತ್ತಿರ ಹೇಳಿದ್ದೂ ಇದೆ. ಹಲಗೆ ಮೇಲೆ ಒಂದೊಂದೇ ಇಡುತ್ತಾ ಹೋದಾಗ ಆ ಮಾತು ವಾಪಸ್ ತಗೊಳ್ಳಬೇಕಾಯಿತು.

ಮೊದಲ ಗೇಣು

ಮೊದಲು ಇಟ್ಟಿದ್ದು ಅರಿಯಲೂರಿನ ಸಿಂಪಿ. ಜನವರಿಯಲ್ಲಿ ಬೆಂಗಳೂರು, ತಿರುಚಿ ಮೇಲೆ ಹೋಗಿದ್ದೆ. ಅಲ್ಲಿನ ನೆಲ ಡೈನೋಸಾರ್‌ಗಳ ಕಾಲದ ಕೊನೆಯಲ್ಲಿ ಸಮುದ್ರದ ತಳ. ಕಲ್ಲಂಕುರಿಚ್ಚಿ ಸುಣ್ಣದ ಕಲ್ಲಿನಲ್ಲಿ ಗ್ರೈಫಿಯಾ ಅನ್ನುವ ದಪ್ಪ ಸಿಂಪಿಗಳು ರಾಶಿ ರಾಶಿ ಇವೆ. ಸಿಮೆಂಟಿಗೆ ಅಗೆಯುವುದು ಇದೇ ಕಲ್ಲನ್ನು. ಒಬ್ಬ ರೈತರ ಹೊಲದ ಬದುವಿನಲ್ಲಿ ನೇಗಿಲಿಗೆ ಎದ್ದ ಚಿಪ್ಪುಗಳು ಬಿದ್ದಿದ್ದವು. ನನಗೆ ತಮಿಳು ಬರಲ್ಲ, ಅವರಿಗೆ ಕನ್ನಡ ಬರಲ್ಲ. ಕೈಸನ್ನೆಯಲ್ಲೇ ಕೇಳಿದೆ. ಅವರು ಒಂದು ಹಿಡಿ ಆರಿಸಿ ನನ್ನ ಟವೆಲ್ಲಿಗೆ ಹಾಕಿದರು. ಹಲಗೆಯಲ್ಲಿ ಅದರ ಜಾಗ 7 ಸೆಂಟಿಮೀಟರ್.

ಅದರ ಪಕ್ಕ, 10ರ ಹತ್ತಿರ, ಅದೇ ಸೀಮೆಯ ಕಾರೈ ಊರಿನ ಕಡೆಯ ಬೆಲೆಮ್ನೈಟ್. ನೋಡಲು ಬಂದೂಕಿನ ಗುಂಡಿನ ಹಾಗಿದೆ. ಸ್ಕ್ವಿಡ್ ಜಾತಿಗೆ ಹತ್ತಿರದ ಪ್ರಾಣಿಯೊಂದರ ಮೈಯೊಳಗಿದ್ದ ಗಟ್ಟಿ ಭಾಗ ಅದು. 12ರಲ್ಲಿ ಒಂದು ಫೋಟೋ ಮಾತ್ರ ಇದೆ. ತಮಿಳುನಾಡಿನ ಸಾತನೂರಿನ ಕಲ್ಲುಮರದ್ದು. 18 ಮೀಟರ್ ಉದ್ದದ ಮರದ ಕಾಂಡ ಹಾಗೇ ಕಲ್ಲಾಗಿ ಮಲಗಿದೆ. ಸಮುದ್ರಕ್ಕೆ ತೇಲಿ ಬಂದು ಮರಳಿನಲ್ಲಿ ಹೂತುಹೋದ ಮರ ಅದು. ಭೂವಿಜ್ಞಾನಿ ಎಂ.ಎಸ್. ಕೃಷ್ಣನ್ 1940ರಲ್ಲಿ ಅದನ್ನು ಗುರುತಿಸಿದರು. ಈಗ ಸಂರಕ್ಷಿತ ಜಾಗ. ಅಲ್ಲಿಂದ ಚೂರೂ ತರಬಾರದು, ತರಲಿಲ್ಲ.

15ರಲ್ಲೂ ಫೋಟೋನೇ. ಪಕ್ಕದ ಮನೆ ಅಜ್ಜಿಯ ದೇವರ ಪೆಟ್ಟಿಗೆಯ ಸಾಲಿಗ್ರಾಮ. ನೇಪಾಳದ ಗಂಡಕಿ ನದಿಯಿಂದ ಬರುವ ಈ ಕಪ್ಪು ಕಲ್ಲುಗಳ ಒಳಗಿನ ಚಕ್ರ ಅಮೋನೈಟಿನ ಸುರುಳಿ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ ಪ್ರಾಣಿ. ಅಜ್ಜಿಗೆ ಇದನ್ನು ಹೇಳುವಾಗ ಸ್ವಲ್ಪ ಅಳುಕಿತ್ತು. ಅವರು ಸುಮ್ಮನೆ ಕೇಳಿ, "ಸಮುದ್ರದಲ್ಲೇ ಅಲ್ವೇನಪ್ಪ ಸ್ವಾಮಿ ಮಲಗಿರೋದು" ಅಂದರು. ಫೋಟೋ ತೆಗೆಯಲು ಪೂಜೆ ಮುಗಿದ ಮೇಲೆ ಬಾ ಅಂತಲೂ ಅಂದರು.

ಇಲ್ಲಿಗೆ ಇನ್ನೂ ಒಂದು ಗೇಣು ದಾಟಿಲ್ಲ. ಡೈನೋಸಾರ್‌ಗಳು ಅಳಿದದ್ದು 6.6ರಲ್ಲಿ. ಅಮೋನೈಟ್‌ಗಳ ಕಥೆ ಮುಗಿದದ್ದೂ ಅಲ್ಲೇ. ನಮ್ಮ ಮನುಷ್ಯ ಜಾತಿಗೆ ಸುಮಾರು 3 ಲಕ್ಷ ವರ್ಷ ಅಂತಿಟ್ಟರೂ ಹಲಗೆಯಲ್ಲಿ ಅದು ಒಂದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಪೆನ್ಸಿಲ್ ಗೆರೆ ಅಷ್ಟೇ. ನಮ್ಮ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನವಾಗಲಿ, ಮದಕರಿ ನಾಯಕರ ಕಾಲವಾಗಲಿ ಭೂತಗನ್ನಡಿ ಹಿಡಿದರೂ ಕಾಣುವುದಿಲ್ಲ. ಮಗಳು ಆ ಪೆನ್ಸಿಲ್ ಗೆರೆಯನ್ನು ತುಂಬಾ ಹೊತ್ತು ನೋಡುತ್ತಾ ನಿಂತಿದ್ದಳು.

ಟ್ರೈಲೊಬೈಟ್ ಮತ್ತು ಚೀಟಿ

50ರಲ್ಲಿ ಟ್ರೈಲೊಬೈಟ್ ಇದೆ, ಮೈಯೆಲ್ಲ ಅಡ್ಡಪಟ್ಟಿಗಳಿದ್ದ, ಈಗ ಅಳಿದುಹೋಗಿರುವ ಕಡಲಪ್ರಾಣಿ. ಈಗ ಅಲ್ಲಿರುವುದು ನಾನು ತರಿಸಿದ ಎರಡನೆಯದು. ಮೊದಲನೆಯದನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಮೊರಾಕ್ಕೋದ್ದು ಅಂತ ಬರೆದಿತ್ತು. ಕೈಗೆ ಬಂದಾಗ ಖುಷಿಯೋ ಖುಷಿ. ರಾತ್ರಿ ಲೆನ್ಸ್ ಹಿಡಿದು ನೋಡಿದರೆ ಬೆನ್ನಿನ ಮೇಲೆ ಸಾಸಿವೆಗಿಂತ ಸಣ್ಣ ದುಂಡನೆಯ ತೂತುಗಳು. ಅಚ್ಚಿಗೆ ರೆಸಿನ್ ಹೊಯ್ಯುವಾಗ ಒಳಗೆ ಸಿಕ್ಕಿದ ಗಾಳಿಯ ಗುಳ್ಳೆಗಳು ಅವು. ಹತ್ತಿಗೆ ಅಸಿಟೋನ್ ಹಾಕಿ ಒರೆಸಿದೆ. ಕಂದು ಬಣ್ಣ ಹತ್ತಿಗೆ ಬಂತು. ಎರಡು ದಿನ ಅದರ ಕಡೆ ನೋಡಲೇ ಇಲ್ಲ.

ಈಗಿರುವುದು ನಿಜವಾದದ್ದು. ಅಮೆರಿಕದಲ್ಲಿರುವ ಗೆಳೆಯ ತಂದುಕೊಟ್ಟ. ಹೆಸರು ಎಲ್ರಾಥಿಯಾ ಕಿಂಗಿ, ಯೂಟಾ ರಾಜ್ಯದ ವೀಲರ್ ಶೇಲ್ ಪದರದ್ದು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಜಗತ್ತಿನಲ್ಲಿ ತುಂಬಾ ಸಿಗುವ ಟ್ರೈಲೊಬೈಟ್, ಬೆಲೆಯೂ ಜಾಸ್ತಿ ಇಲ್ಲ. ಆದರೆ ಅದರ ಜೊತೆ ಒಂದು ಚೀಟಿ ಬಂದಿತ್ತು. ಯಾವ ಜಾಗ, ಯಾವ ಪದರ ಅಂತ. ನನಗೆ ಆ ಚೀಟಿ ಕಲ್ಲಿನಷ್ಟೇ ಮುಖ್ಯ.

ಚೀಟಿಯ ವಿಷಯದಲ್ಲಿ ನಾನು ಹಟಮಾರಿ. ಪಳೆಯುಳಿಕೆ ಎಲ್ಲಿಂದ ಬಂತು ಅಂತ ಗೊತ್ತಿಲ್ಲದಿದ್ದರೆ ಅದು ಚಂದದ ಕಲ್ಲು, ಅಷ್ಟೇ. ಜಾಗದ ಹೆಸರು ಸುಳ್ಳಾದರೆ ಇನ್ನೂ ಕೆಟ್ಟದ್ದು. 1989ರಲ್ಲಿ ಆಸ್ಟ್ರೇಲಿಯಾದ ಪಳೆಯುಳಿಕೆ ತಜ್ಞ ಜಾನ್ ಟ್ಯಾಲೆಂಟ್ ಒಂದು ದೊಡ್ಡ ಮೋಸವನ್ನು ಹೊರಗೆ ತಂದರು. ಹಿಮಾಲಯದಲ್ಲಿ ಸಿಕ್ಕಿದ್ದು ಅಂತ ವರ್ಷಗಟ್ಟಲೆ ಪ್ರಕಟವಾದ ಪಳೆಯುಳಿಕೆಗಳಲ್ಲಿ ಕೆಲವು ಮೊರಾಕ್ಕೋದಲ್ಲಿ ಅಂಗಡಿಯಲ್ಲಿ ಸಿಗುವಂಥವು. ಅವನ್ನು ನಂಬಿ ಬರೆದ ಬೇರೆಯವರ ಲೆಕ್ಕವೂ ಕೆಟ್ಟುಹೋಯಿತು. ಅದನ್ನು ಓದಿದ ಮೇಲೆ, ಎಲ್ಲಿಯದು ಅಂತ ನೆನಪಿಲ್ಲದ ಹನ್ನೊಂದು ತುಂಡುಗಳನ್ನು ಹಲಗೆಯಿಂದ ಹೊರಗಿಟ್ಟೆ. ಅದರಲ್ಲಿ ನನಗೆ ತುಂಬಾ ಇಷ್ಟದ ಒಂದು ಅಮೋನೈಟೂ ಇತ್ತು.

ನಂಬರ್ ಹಾಕುವ ರೀತಿ ಹೀಗೆ. ಕಾಣದ ಬದಿಯಲ್ಲಿ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಚುಕ್ಕಿ. ಒಣಗಿದ ಮೇಲೆ ಸಣ್ಣ ಮೊನೆಯ ಪೆನ್ನಿನಲ್ಲಿ ನಂಬರ್. ಅದರ ಮೇಲೆ ಮತ್ತೊಂದು ಹನಿ. ಉಳಿದದ್ದೆಲ್ಲ ರಿಜಿಸ್ಟರಿನಲ್ಲಿ. ತೊಳೆಯಲು ನೀರು, ಹಳೆಯ ಟೂತ್ ಬ್ರಷ್, ಬಿದಿರಿನ ಕಡ್ಡಿ ಸಾಕು. ಬೇಗ ಆಗಲಿ ಅಂತ ಒಂದು ಸಿಂಪಿಯನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಅದರ ಗೆರೆಗಳೇ ಮಾಯ. ಚಿಪ್ಪು ಅಂದರೆ ಸುಣ್ಣ, ಹುಳಿಗೆ ಕರಗದೆ ಇರುತ್ತಾ? ಏಳು ಕೋಟಿ ವರ್ಷ ಉಳಿದದ್ದನ್ನು ಒಂದು ರಾತ್ರಿಯಲ್ಲಿ ಹಾಳು ಮಾಡಿದೆ. ಆ ತುಂಡನ್ನು ಎಸೆದಿಲ್ಲ, ವಿನೆಗರ್ ಅಂತ ಬರೆದು ಇಟ್ಟಿದ್ದೇನೆ.

ಅಕ್ಕನ ಮಗ ಶಹಾಬಾದ್ ಕಲ್ಲಿನ ಚೂರೊಂದನ್ನು ತಂದಿದ್ದ. ಮೇಲೆ ಜರಿಗಿಡದ ಹಾಗೆ ಕಪ್ಪು ಕವಲುಗಳು. "ಮಾಮ, ಗಿಡದ ಫಾಸಿಲ್!" ಅಂತ ಓಡಿ ಬಂದ. ಅದು ಗಿಡವಲ್ಲ. ಕಲ್ಲಿನ ಬಿರುಕಿನಲ್ಲಿ ನೀರು ಇಳಿದಾಗ ಮ್ಯಾಂಗನೀಸ್ ಹೀಗೆ ಕವಲು ಕವಲಾಗಿ ಹರಡುತ್ತೆ. ಡೆಂಡ್ರೈಟ್ ಅನ್ನುತ್ತಾರೆ. ಎಷ್ಟೋ ಮನೆಗಳ ನೆಲದಲ್ಲಿದೆ, ನೋಡಿ. ಹುಡುಗನಿಗೆ ಬೇಜಾರಾಗದಿರಲಿ ಅಂತ ಅದಕ್ಕೆ ಬೇರೆ ಡ್ರಾಯರ್ ಮಾಡಿ ಅವನ ಹೆಸರು ಬರೆದೆ.

ನಮ್ಮೂರಿನ ಜಾಗ

54ರ ಹತ್ತಿರ ಬಂದರೆ ಚಿಪ್ಪಿನ ಪ್ರಾಣಿಗಳು ಹೆಚ್ಚುಕಡಿಮೆ ಮುಗಿದವು. ಹಲಗೆ ಇನ್ನೂ ನಾಲ್ಕು ಮೀಟರ್ ಇದೆ. ನಾನು ವರ್ಷಗಟ್ಟಲೆ ಬಸ್ಸು ರೈಲು ಹತ್ತಿ ಹುಡುಕಿದ್ದೆಲ್ಲ ಎರಡು ಅಡಿಯೊಳಗೆ ಮುಗಿದುಹೋಯಿತು. ಮಿಕ್ಕಿದ ಉದ್ದಕ್ಕೂ ಏನಿಡುವುದು? 250 ದಾಟಿದರೆ ಸಿಗುವುದು ನಮ್ಮೂರು.

ದುರ್ಗದ ಹತ್ತಿರದ ಮಾರಡಿಹಳ್ಳಿಗೆ ಈ ಸಲ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅಲ್ಲಿನ ದಿಂಬಿನಾಕಾರದ ಲಾವಾ ಕಲ್ಲನ್ನು 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಕಾದ ಲಾವಾ ನೀರಿನೊಳಗೆ ಉಕ್ಕಿದರೆ ಹೊರಮೈ ತಕ್ಷಣ ಹೆಪ್ಪುಗಟ್ಟುತ್ತೆ. ಒಳಗಿನದು ಒತ್ತಿ ಇನ್ನೊಂದು ಉಂಡೆಯಾಗಿ ಹೊರಬರುತ್ತೆ. ಒಂದರ ಮೇಲೊಂದು ದಿಂಬು ಪೇರಿಸಿದ ಹಾಗೆ ಆಗುತ್ತೆ. ಮೇಲಿನ ದಿಂಬು ಇನ್ನೂ ಮೆತ್ತಗಿರುವಾಗ ಕೆಳಗಿನ ಎರಡರ ಸಂದಿಗೆ ಇಳಿಯುತ್ತೆ, ಹಾಗಾಗಿ ಅದರ ಅಡಿಗೆ ಸಣ್ಣ ಬಾಲ ಇರುತ್ತೆ. ಆ ಬಾಲ ನೋಡಿಯೇ ಯಾವ ಕಡೆ ಮೇಲಿತ್ತು ಅಂತ ಹೇಳಬಹುದು. ಮಗಳು ಬಾಲಗಳನ್ನು ಎಣಿಸುತ್ತಾ ಹೋದಳು. ಇದು ಪಳೆಯುಳಿಕೆ ಅಲ್ಲ, ನಿಜ. ಆದರೆ ಇಲ್ಲಿ ಸಮುದ್ರ ಇತ್ತು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಅಲ್ಲಿ ಸುತ್ತಿಗೆ ಮುಟ್ಟುವ ಹಾಗಿಲ್ಲ. ಫೋಟೋ, ಅಳತೆ, ಅಷ್ಟೇ.

ಆ ಸಮುದ್ರದಲ್ಲಿ ಜೀವವೂ ಇತ್ತು. ಚಿತ್ರದುರ್ಗದ ಶಿಸ್ಟ್ ಅನ್ನುವ ಪದರು ಪದರು ಕಲ್ಲಿನ ಪಟ್ಟಿಯಲ್ಲಿ ಸ್ಟ್ರೊಮ್ಯಾಟೊಲೈಟ್ ಇವೆ ಅಂತ 1989ರಲ್ಲೇ ವಿಜ್ಞಾನಿಗಳು ವಿವರವಾಗಿ ಬರೆದಿದ್ದಾರೆ. ಆಳ ಕಡಿಮೆ ಇರುವ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಲೋಳೆಯ ಹಾಗೆ ಹರಡಿಕೊಳ್ಳುತ್ತವೆ. ಮೇಲೆ ಸಣ್ಣ ಹೂಳು ಕೂರುತ್ತೆ. ಬೆಳಕಿಗಾಗಿ ಅವು ಹೂಳಿನ ಮೇಲೆ ಬಂದು ಮತ್ತೆ ಹರಡುತ್ತವೆ. ಹೀಗೆ ಪದರದ ಮೇಲೆ ಪದರ, ಉಬ್ಬಿದ ಗುಮ್ಮಟದ ಹಾಗೆ. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇವತ್ತಿಗೂ ಹೀಗೆ ಬೆಳೆಯುತ್ತಿವೆ.

ಮಾರಿಕಣಿವೆ ಕಡೆಯ ಗುಡ್ಡಕ್ಕೆ ಭೂವಿಜ್ಞಾನ ಪಾಠ ಮಾಡಿದ ಹಿರಿಯರೊಬ್ಬರು ಕರೆದುಕೊಂಡು ಹೋದರು. ವಾಣಿವಿಲಾಸ ಅಣೆಕಟ್ಟೆಯ ಹೆಸರೇ ಇಲ್ಲಿನ ಕಲ್ಲಿನ ಪದರಗಳಿಗೂ ಇದೆ, ಅದು ನನಗೆ ಅವತ್ತೇ ಗೊತ್ತಾಗಿದ್ದು. ಮೊದಲು ಅವರು ಕಲ್ಲಿಗೆ ಒಂದು ಹನಿ ಆಸಿಡ್ ಬಿಟ್ಟರು. ಏನೂ ಆಗಲಿಲ್ಲ. ಚಾಕುವಿನಲ್ಲಿ ಕೆರೆದು ಆ ಪುಡಿಗೆ ಬಿಟ್ಟರು. ಸಣ್ಣಗೆ ನೊರೆ ಬಂತು. "ಸುಣ್ಣದ ಕಲ್ಲಾಗಿದ್ರೆ ಹಾಗೇ ಬುರುಬುರು ಅಂತಿತ್ತು. ಇದು ಡಾಲೊಮೈಟ್" ಅಂದರು. ಆಮೇಲೆ ಬಿಸಿಲು ಓರೆಯಾಗುವ ತನಕ ಕಾಯಿರಿ ಅಂದರು. ನಾಲ್ಕು ಗಂಟೆ ದಾಟಿದ ಮೇಲೆ ಬಂಡೆಯ ಮೇಲೆ ಗೆರೆಗಳು ಎದ್ದು ಕಂಡವು. ಒಂದರೊಳಗೊಂದು ಬಿಲ್ಲಿನಂತೆ ಬಾಗಿದ ಗೆರೆಗಳು. ನೆಲ ಮಡಿಸಿ ಒತ್ತಿರುವುದರಿಂದ ಒಂದು ಕಡೆ ಚಪ್ಪಟೆಯಾಗಿವೆ. ಗೆರೆ ಇರುವ ಕಲ್ಲೆಲ್ಲ ಸ್ಟ್ರೊಮ್ಯಾಟೊಲೈಟ್ ಅಲ್ಲ ಅಂತಲೂ ಅವರು ಎರಡು ಬೇರೆ ಬಂಡೆ ತೋರಿಸಿ ಹೇಳಿದರು.

ಒಡೆಯಲು ಮನಸ್ಸಾಗಲಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಮಾರ್ಕರ್ ಪೆನ್ನಿನಲ್ಲಿ ಒಂದೊಂದೇ ಗೆರೆಯನ್ನು ಎಳೆದುಕೊಂಡೆ. ಮುಕ್ಕಾಲು ಗಂಟೆ ಹಿಡಿಯಿತು. ಮೊಣಕಾಲು ನೋವು ಬಂದರೂ ಏಳಬೇಕು ಅನ್ನಿಸಲಿಲ್ಲ. ಮನುಷ್ಯ, ಮೀನು, ಹುಲ್ಲು, ಎಲೆ ಯಾವುದೂ ಇಲ್ಲದ ಕಾಲದಲ್ಲಿ ಇದೇ ಜಾಗದಲ್ಲಿ ಬಿಸಿಲು ಕುಡಿದು ಬದುಕಿದ್ದವು ಬಿಟ್ಟು ಹೋದ ಗೆರೆ. ಅದನ್ನು ನನ್ನ ಕೈ ಮತ್ತೆ ಎಳೆಯುತ್ತಿತ್ತು.

ಆ ಹಾಳೆಗೆ ಫ್ರೇಮ್ ಹಾಕಿಸಿ 250ರ ಆಚೆ ತೂಗುಹಾಕಿದ್ದೇನೆ. ಕೆಳಗೆ ಒಂದೇ ಒಂದು ಕಲ್ಲು. ರಸ್ತೆ ಬದಿಯ ಜಲ್ಲಿಯಲ್ಲಿ ಸಿಕ್ಕಿದ ಕೆಂಪು ಕಪ್ಪು ಪಟ್ಟೆಯ ಕಬ್ಬಿಣದ ಕಲ್ಲು, ಆಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತೆ. ಆ ಕಾಲದ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕ ತಾಕಿದಾಗ ತುಕ್ಕಾಗಿ ತಳಕ್ಕೆ ಇಳಿದು ಇಂಥ ಪಟ್ಟೆಗಳಾದವು ಅನ್ನುವುದು ಮುಖ್ಯ ವಿವರಣೆ. ಆ ಆಮ್ಲಜನಕವನ್ನು ಬಿಡುತ್ತಿದ್ದದ್ದು ಸ್ಟ್ರೊಮ್ಯಾಟೊಲೈಟ್ ಕಟ್ಟುವಂಥ ಜೀವಿಗಳು. ಗಾಳಿಯಲ್ಲಿ ಅದು ಗಟ್ಟಿಯಾಗಿ ಸೇರತೊಡಗಿದ್ದು ಸುಮಾರು 240ರಲ್ಲಿ. ಅಲ್ಲಿ ನೀಲಿ ದಾರವೊಂದನ್ನು ಕಟ್ಟಿದ್ದೇನೆ.

ಮೂಲೆ ತಿರುಗುವ ಸ್ವಲ್ಪ ಮೊದಲು, 348ರಲ್ಲಿ, ಆಸ್ಟ್ರೇಲಿಯಾದ ಪಿಲ್ಬರಾದ ಸ್ಟ್ರೊಮ್ಯಾಟೊಲೈಟ್‌ಗಳಿಗೆ ಚೀಟಿ ಮಾತ್ರ ಇದೆ. ಅದರ ಆಚೆ ಖಾಲಿ.

ಮಧ್ಯದಲ್ಲೂ ಖಾಲಿ. 60ರಿಂದ 240ರ ತನಕ ಒಂದೂ ವಸ್ತುವಿಲ್ಲ. ಬಂದವರು ಅಲ್ಲಿ ಹೂದಾನಿ ಇಡು ಅನ್ನುತ್ತಾರೆ. ಇಡಲ್ಲ. ಬಾಗಲಕೋಟೆ ಕಡೆ ಕಲಾದಗಿಯ ಕಲ್ಲುಗಳಲ್ಲೂ ಸ್ಟ್ರೊಮ್ಯಾಟೊಲೈಟ್ ಇವೆ, 100 ಕೋಟಿ ವರ್ಷಕ್ಕೂ ಹಳೆಯವು. ದೀಪಾವಳಿ ರಜೆಯಲ್ಲಿ ಅಲ್ಲಿಗೆ ಹೋಗಬೇಕು. ಪ್ಲಾಸ್ಟಿಕ್ ಹಾಳೆ ಎರಡು ಮೀಟರ್ ತಂದಿಟ್ಟಿದ್ದೇನೆ. ಅಷ್ಟರಲ್ಲಿ ಕಾರ್ಪೆಂಟರ್ ಅಣ್ಣ ಬಂದು 180ರ ಹತ್ತಿರ ಇನ್ನೊಂದು ಬ್ರಾಕೆಟ್ ಹೊಡೆಯಬೇಕು, ಹಲಗೆ ಅಲ್ಲಿ ಸ್ವಲ್ಪ ಜೋತಿದೆ.