ಮೊದಲು ಮೆಟ್ಟಿಲು, ಆಮೇಲೆ ಎಲಿವೇಶನ್

ಆರ್ಕಿಟೆಕ್ಚರ್ ಓದುವ ಮಕ್ಕಳು ಮೈಸೂರಿನ ಕಚೇರಿಗಳಿಗೆ ತರಬೇತಿಗೆ ಬಂದಾಗ ಮೊದಲು ಅವರ ಕೈಗೆ ಕೊಡಬೇಕಾದ್ದು ಎಲಿವೇಶನ್ (ಮನೆಯ ಹೊರಮುಖದ ಚಿತ್ರ) ಅಲ್ಲ, 30×40 ಅಡಿ ಸೈಟಿನ ಒಂದು ಸಾಧಾರಣ ಮನೆ. ಅದರಲ್ಲೂ ಆ ಮನೆಯ ಮೆಟ್ಟಿಲು ಮತ್ತು ಟಾಯ್ಲೆಟ್. ಪ್ಲಾನಿನಲ್ಲಿ ಸರಿ ಕಂಡದ್ದು ಸೆಕ್ಷನ್ನಿನಲ್ಲಿ (ಮನೆಯನ್ನು ನೆಟ್ಟಗೆ ಸೀಳಿದಂತೆ ಬರೆದ ಚಿತ್ರದಲ್ಲಿ) ಯಾಕೆ ಕೂರುವುದಿಲ್ಲ ಎಂಬುದು ಇವೆರಡರಲ್ಲಿ ತಿಳಿದಷ್ಟು ಬೇರೆಲ್ಲೂ ತಿಳಿಯುವುದಿಲ್ಲ.

ಅದಕ್ಕೂ ಮುಂಚೆ ಟೇಪು ಹಿಡಿಸಿ. ಪತ್ರದಲ್ಲಿ 30×40 ಎಂದಿದ್ದರೂ ನಾಲ್ಕು ಬದಿ, ಎರಡು ಕರ್ಣ ಅಳೆಯಬೇಕು. ಮೂಲೆಮಟ್ಟ ಸರಿಯಿದ್ದರೆ ಎರಡೂ ಕರ್ಣ 50 ಅಡಿ. ಒಂದು 49½, ಇನ್ನೊಂದು 50½ ಬಂದರೆ ಸೈಟು ಓರೆ. ಆ ಓರೆ ಸೆಟ್‌ಬ್ಯಾಕ್ (ಮನೆಯ ಸುತ್ತ ಖಾಲಿ ಬಿಡುವ) ಜಾಗದಲ್ಲೇ ಮುಗಿಯಬೇಕು, ಕೋಣೆಯೊಳಗೆ ಬರಬಾರದು.

ಮೆಟ್ಟಿಲಿನ ಲೆಕ್ಕ ಹೀಗೆ. ಮಹಡಿಯಿಂದ ಮಹಡಿಗೆ 10 ಅಡಿ, ಅಂದರೆ 120 ಇಂಚು. 6 ಇಂಚಿನ ರೈಸರ್ (ಒಂದು ಮೆಟ್ಟಿಲಿನ ಎತ್ತರ) ಇಟ್ಟರೆ 20 ಬೇಕು, ನಡುವೆ ತಿರುಗಿ ಎರಡು ಸಾಲಾಗಿ ಹತ್ತುವಾಗ ಒಂದೊಂದು ಸಾಲಿಗೆ 10. ಸಾಲಿಗೆ ಟ್ರೆಡ್ (ಕಾಲಿಡುವ ಹಲಗೆ) 9 ಮಾತ್ರ, ಹತ್ತನೆಯದು ಲ್ಯಾಂಡಿಂಗ್ (ತಿರುಗುವ ಜಾಗ). 10 ಇಂಚಿನ ಟ್ರೆಡ್ಡಾದರೆ 7½ ಅಡಿ, ಜೊತೆಗೆ 3 ಅಡಿ ಲ್ಯಾಂಡಿಂಗ್, ಒಟ್ಟು 10½ ಅಡಿ ಉದ್ದ. ವಿದ್ಯಾರ್ಥಿಗಳು 8 ಅಡಿ ಜಾಗದಲ್ಲಿ ಗೆರೆ ಎಳೆದು ಮುಗಿಸುತ್ತಾರೆ. ಸೈಟಿನಲ್ಲಿ ಅದು ಸುಮಾರು 8½ ಇಂಚಿನ ರೈಸರ್ ಆಗುತ್ತದೆ, ಮನೆಯ ಅಜ್ಜಿ ಮಹಡಿ ಹತ್ತುವುದನ್ನೇ ಬಿಡುತ್ತಾರೆ. ಲ್ಯಾಂಡಿಂಗ್ ಕೆಳಗೆ ಟಾಯ್ಲೆಟ್ ಬರೆಯುವುದೂ ಮಾಮೂಲು. ಲ್ಯಾಂಡಿಂಗ್ ಇರುವುದು 5 ಅಡಿಗೆ, ಸ್ಲ್ಯಾಬು ಕಳೆದರೆ ಉಳಿಯುವುದು ನಾಲ್ಕೂವರೆ. ಅಲ್ಲಿ ಮೋಟರು, ಯುಪಿಎಸ್ ಇಡಬಹುದು, ಮನುಷ್ಯ ನಿಲ್ಲಲಾರ.

ಇನ್ನೊಂದು ಸೂಕ್ಷ್ಮ, ಅನುಭವಸ್ಥರೂ ಎಡವುವಂಥದ್ದು. ಎಲ್ಲ ಮೆಟ್ಟಿಲನ್ನೂ 6 ಇಂಚಿಗೇ ಕಾಂಕ್ರೀಟ್ ಹಾಕಿಸಿದರೆ ಕೊನೆಗೆ ಸಮ ಬರುವುದಿಲ್ಲ. ನೆಲಕ್ಕೆ ಗಾರೆ, ಕಲ್ಲು ಸೇರಿ 3 ಇಂಚು ಏರುತ್ತದೆ, ಟ್ರೆಡ್ಡಿಗೆ ಗ್ರಾನೈಟು ಸೇರಿ ಒಂದೂವರೆ. ಆಗ ಮೊದಲ ಮೆಟ್ಟಿಲು 4½, ಕೊನೆಯದು 7½ ಇಂಚು. ಎಡವಿ ಬೀಳುವುದು ಅಲ್ಲೇ. ಆದ್ದರಿಂದ ಸೆಂಟ್ರಿಂಗ್ (ಕಾಂಕ್ರೀಟಿಗೆ ಅಚ್ಚು ಕಟ್ಟುವ) ಹೊತ್ತಿಗೇ ಮೊದಲನೆಯದನ್ನು 7½, ಕೊನೆಯದನ್ನು 4½ ಎಂದು ಡ್ರಾಯಿಂಗಿನಲ್ಲಿ ಬರೆದಿರಬೇಕು.

ಮೇಲಿನ ಟಾಯ್ಲೆಟ್ಟಿನ ಸ್ಲ್ಯಾಬನ್ನು ಒಂದಡಿ ತಗ್ಗಿಸುವುದು ರೂಢಿ. 110 ಎಂಎಂ ಪೈಪಿಗೆ 40ಕ್ಕೆ 1ರಂತೆ ಇಳಿಜಾರು ಕೊಟ್ಟರೆ 8 ಅಡಿ ಓಟಕ್ಕೆ ಸುಮಾರು ಎರಡೂವರೆ ಇಂಚು ಬೇಕು, ಒಂದಡಿಯಲ್ಲಿ ಇದು ಕೂರುತ್ತದೆ. ಪೈಪು ತೊಲೆಯನ್ನು ದಾಟುವುದಾದರೆ ಕಾಂಕ್ರೀಟಿಗೆ ಮೊದಲೇ ಸ್ಲೀವ್ (ಪೈಪು ಹಾಯಲು ದೊಡ್ಡ ಕೊಳವೆ) ಇಡಬೇಕು. ಆಮೇಲೆ ತೊಲೆ ಕೊರೆಯುವುದನ್ನು ಯಾವ ಕಾರಣಕ್ಕೂ ಒಪ್ಪಬಾರದು. ವಾಟರ್‌ಪ್ರೂಫಿಂಗ್ ಆದ ಮೇಲೆ 48 ಗಂಟೆ ನೀರು ಕಟ್ಟಿ ನಿಲ್ಲಿಸಿ, ಕೆಳಗಿನಿಂದ ನೋಡಿ, ಆಮೇಲಷ್ಟೇ ತಗ್ಗು ತುಂಬಿಸಿ. ಕೆಳಗೆ ದೇವರ ಮನೆ ಬಂದಿದೆಯೇ ಎಂದು ಪ್ಲಾನಿನಲ್ಲೇ ನೋಡಿಕೊಳ್ಳಿ.

ಬಿಸಿಲಿನ ಲೆಕ್ಕ ಸುಲಭ. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಗೆ 2 ಅಡಿ ಸಜ್ಜ ಕೊಟ್ಟರೆ ಆಗ ನೆರಳು ಎರಡೂಮುಕ್ಕಾಲು ಅಡಿ ಇಳಿಯುತ್ತದೆ. ಪಶ್ಚಿಮಕ್ಕೆ ಸಜ್ಜ ಸಾಲದು. ಮೆಟ್ಟಿಲು, ಟಾಯ್ಲೆಟ್, ವಾರ್ಡ್‌ರೋಬನ್ನು ಆ ಕಡೆಗೆ ಹಾಕಿ.

ಮಂಡ್ಯದ ಕಡೆ ಮನೆ ಎಂದರೆ ಮಣ್ಣು ಮೊದಲು. ವಿಶ್ವೇಶ್ವರಯ್ಯ ನಾಲೆಯ ಆಸುಪಾಸಿನ ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಸೈಟಿನಲ್ಲಿ ತುಂಬಿದ ಮಣ್ಣಿನ ಮೇಲೆ ಪಾಯ ನಿಲ್ಲಿಸಬಾರದು, ಗಟ್ಟಿ ಮೂಲ ನೆಲ ಸಿಗುವವರೆಗೆ ಅಗೆಯಬೇಕು. ಪರೀಕ್ಷಾ ಗುಂಡಿಯನ್ನು ನಾಲೆಯಲ್ಲಿ ನೀರು ಹರಿಯುವಾಗಲೇ ತೋಡಿ ನೀರಿನ ಮಟ್ಟ ಗುರುತಿಸಿ. ಹೊರಗಿನ ಅಳತೆ 8×6 ಅಡಿಯ ಸಂಪು ಖಾಲಿಯಿದ್ದು ಅದರ ತಳದಿಂದ 4 ಅಡಿ ಮೇಲಕ್ಕೆ ನೀರು ನಿಂತರೆ ಕೆಳಗಿನಿಂದ ಒತ್ತುವ ಭಾರ ಸುಮಾರು 5,400 ಕಿಲೋ. ತಳ, ಗೋಡೆಯ ತೂಕ ಅದಕ್ಕಿಂತ ಹೆಚ್ಚಿರದಿದ್ದರೆ ಸಂಪು ಮೇಲೇಳುತ್ತದೆ.

ತಿದ್ದುವ ಕೆಲಸವನ್ನು ಮೇಸ್ತ್ರಿಗೂ ಒಪ್ಪಿಸಿ. ವಿದ್ಯಾರ್ಥಿ ಬಾಯಿಬಿಡದೆ ಡ್ರಾಯಿಂಗ್ ಕೊಟ್ಟು ಪಕ್ಕದಲ್ಲಿ ನಿಲ್ಲಲಿ. ಮೇಸ್ತ್ರಿ ಎಲ್ಲೆಲ್ಲಿ "ಇದು ಎಷ್ಟು ಸಾರ್?" ಅನ್ನುತ್ತಾರೋ ಅಲ್ಲಲ್ಲಿ ಕೆಂಪು ಗುರುತು ಹಾಕಿಕೊಳ್ಳಲಿ. ಹೆಚ್ಚಿನ ಗುರುತು ಬೀಳುವುದು ಮೂರು ಕಡೆ: ಕಿಟಕಿಯ ಸಿಲ್ (ಕೆಳ ಅಂಚಿನ) ಮಟ್ಟ, ಬಾಗಿಲ ಪಕ್ಕ ಬಿಡಬೇಕಾದ 4½ ಇಂಚು, ಮತ್ತು ಅಳತೆ ಗಾರೆಗೆ ಮೊದಲಿನದೋ ನಂತರದ್ದೋ ಎಂಬುದು.