202 ಎಲೆಕ್ಟ್ರಾನುಗಳ ಎಂಡೋಸಲ್ಫಾನ್

ನನ್ನದು ಕ್ವಾಂಟಮ್ ರಸಾಯನಶಾಸ್ತ್ರದ ಕೆಲಸ. ಟೆಸ್ಟ್ ಟ್ಯೂಬ್ ಇಲ್ಲ, ಬರ್ನರ್ ಇಲ್ಲ, ಎಲ್ಲ ಲೆಕ್ಕವೂ ಕಂಪ್ಯೂಟರಿನಲ್ಲೇ. ಈಗ ಕೈಯಲ್ಲಿರುವುದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಈ ಮದ್ದಿನಿಂದ ನರಳಿದ ಕಾಸರಗೋಡಿನ ಎಣ್ಮಕಜೆ ಕಡೆಯವಳು ಈ ಅಣುವನ್ನೇ ಯಾಕೆ ಹಿಡಿದಳು ಅಂತ ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ದೊಡ್ಡಪ್ಪ ಕೇಳಿದ್ದು ಬೇರೆ: "ಮದ್ದು ಬಿಡುವುದು ನಿಂತು ಎಷ್ಟು ಕಾಲ ಆಯ್ತು ಮಗಾ, ಈಗ ಲೆಕ್ಕ ಹಾಕಿದರೆ ಎಂತ ಸಿಗ್ತದೆ?"

ಗೇರು ಗುಡ್ಡೆಗಳ ಮೇಲೆ ಟೀ ಸೊಳ್ಳೆ ಎಂಬ, ಗೇರಿನ ರಸ ಹೀರುವ ಕೀಟಕ್ಕೆಂದು ಹೆಲಿಕಾಪ್ಟರಿನಿಂದ ಮದ್ದು ಬಿಡುವುದು ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಈ ಮದ್ದನ್ನೇ ತಡೆದದ್ದು 2011ರಲ್ಲಿ. ಆದರೆ ಸಿಂಪಡಿಸುವುದು ನಿಂತ ದಿನವೇ ಅಣು ಮಾಯವಾಗುವುದಿಲ್ಲ, ಅಲ್ವಾ? ಅದು ಮಣ್ಣಲ್ಲಿ ಏನಾಗುತ್ತದೆ ಎಂಬುದೇ ನನ್ನ ಪ್ರಶ್ನೆ.

ಇದರಲ್ಲಿ 25 ಪರಮಾಣುಗಳಿವೆ. ಒಂದು ತುದಿಯಲ್ಲಿ ಆರೂ ಕ್ಲೋರಿನ್ ಹೊತ್ತ ಗಟ್ಟಿ ಪಂಜರ. ಅದು ಸುಲಭದಲ್ಲಿ ಒಡೆಯುವುದಿಲ್ಲ. ಇನ್ನೊಂದು ತುದಿಯಲ್ಲಿ ಗಂಧಕವಿರುವ ಉಂಗುರ. ಬದಲಾವಣೆ ಶುರುವಾಗುವುದು ಹೆಚ್ಚಾಗಿ ಇಲ್ಲಿಂದ. ನೀರು ಈ ಉಂಗುರವನ್ನು ಬಿಡಿಸಿದರೆ ಗಂಧಕ ಕಳಚಿ ಡಯಾಲ್ ಎಂಬ ಬೇರೆ ಅಣು ಆಗುತ್ತದೆ, ಅದರ ವಿಷ ಕಡಿಮೆ. ಮಣ್ಣಿನ ಸೂಕ್ಷ್ಮಜೀವಿಗಳು ಗಂಧಕಕ್ಕೆ ಇನ್ನೊಂದು ಆಮ್ಲಜನಕ ಸೇರಿಸಿದರೆ ಎಂಡೋಸಲ್ಫಾನ್ ಸಲ್ಫೇಟ್. ಅದಕ್ಕೆ ವಿಷ ಮೂಲದಷ್ಟೇ, ಆಯುಷ್ಯ ಮಾತ್ರ ಜಾಸ್ತಿ. ನೀರಿನ ದಾರಿ ಕ್ಷಾರದಲ್ಲಿ ಬೇಗ ನಡೆಯುತ್ತದೆ, ಹುಳಿಯಲ್ಲಿ ನಿಧಾನ. ನಮ್ಮ ಮುರಕಲ್ಲಿನ ಮಣ್ಣು ಹುಳಿ. ನನಗೆ ನಿದ್ದೆ ಕೆಡಿಸುವ ಸಂಗತಿ ಇದೇ.

ಲೆಕ್ಕಕ್ಕೆ ಬರುತ್ತೇನೆ. ಇದರಲ್ಲಿ 202 ಎಲೆಕ್ಟ್ರಾನುಗಳು. ಒಂದೊಂದಕ್ಕೂ ಮೂರು ದಿಕ್ಕು ಹಿಡಿದರೆ 606 ಚಲಕಗಳ ಸಮೀಕರಣ. ಅದನ್ನು ನೇರವಾಗಿ ಬಿಡಿಸಲು ಯಾವ ಕಂಪ್ಯೂಟರಿಗೂ ಆಗದು. ಎಲೆಕ್ಟ್ರಾನ್ ಸಾಂದ್ರತೆ, ಅಂದರೆ ಎಲೆಕ್ಟ್ರಾನುಗಳು ಎಲ್ಲೆಲ್ಲಿ ಎಷ್ಟು ದಟ್ಟವಾಗಿವೆ ಎಂಬುದೊಂದು ಗೊತ್ತಿದ್ದರೆ ಸಾಕು, ಅದಕ್ಕೆ ಮೂರೇ ಚಲಕ ಎಂದು 1960ರ ದಶಕದಲ್ಲಿ ತೋರಿಸಿದ್ದು ವಾಲ್ಟರ್ ಕೋನ್ ಮತ್ತು ಜೊತೆಗಾರರು. 1998ರಲ್ಲಿ ಕೋನ್ ಅವರಿಗೆ ಜಾನ್ ಪೋಪಲ್ ಜೊತೆ ನೊಬೆಲ್ ಬಂತು. ಆ ದಾರಿ ಇಲ್ಲದಿದ್ದರೆ ನಮ್ಮಂಥವರು ಈ ಅಣುವನ್ನು ಮುಟ್ಟುವ ಹಾಗೇ ಇರಲಿಲ್ಲ.

ನಾನು ಹುಡುಕುವುದು, ಹೋಲಿಕೆಯಲ್ಲಿ ಹೇಳುವುದಾದರೆ, ಎರಡು ಬೈಲುಗಳ ನಡುವಿನ ಗುಡ್ಡೆಯನ್ನು ದಾಟುವ ಅತಿ ತಗ್ಗಿನ ಜಾಗವನ್ನು. ಈ ಕಡೆಯ ಬೈಲು ಎಂಡೋಸಲ್ಫಾನ್, ಆ ಕಡೆಯದು ಡಯಾಲ್. ಎತ್ತರ ಅಂದರೆ ಇಲ್ಲಿ ಶಕ್ತಿ. ದಾಟಬೇಕಾದ ಎತ್ತರ ಕಡಿಮೆಯಿದ್ದಷ್ಟೂ ಕ್ರಿಯೆ ಬೇಗ. ಸರಿಯಾದ ಜಾಗ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಆ ಜಾಗದಲ್ಲಿ ಅಣುವಿನ ಕಂಪನಗಳ ಪಟ್ಟಿ ನೋಡಬೇಕು. ಸಾಲುಸಾಲು ಸಂಖ್ಯೆಗಳು, ಅವುಗಳಲ್ಲಿ ಒಂದೇ ಒಂದರ ಮುಂದೆ ಮೈನಸ್ ಇರಬೇಕು. ಎರಡಿದ್ದರೆ ಜಾಗ ತಪ್ಪು. ಆ ಒಂದು ಕಂಪನವನ್ನು ತೆರೆಯ ಮೇಲೆ ಓಡಿಸಿದಾಗ ಕ್ಷಾರದ ನೀರಲ್ಲಿರುವ ಹೈಡ್ರಾಕ್ಸೈಡಿನ ಆಮ್ಲಜನಕ ಗಂಧಕದತ್ತ ಸರಿಯುತ್ತದೆ, ಉಂಗುರದ ಒಂದು ಬಂಧ ಉದ್ದವಾಗುತ್ತಾ ಹೋಗುತ್ತದೆ. ಎಷ್ಟು ನೋಡಿದರೂ ಸಾಕಾಗುವುದಿಲ್ಲ.

ಅಂಗಡಿಯಲ್ಲಿ ಸಿಗುತ್ತಿದ್ದ ಮದ್ದಿನಲ್ಲಿ ಆಲ್ಫಾ, ಬೀಟಾ ಎಂಬ ಎರಡು ರೂಪಗಳು ಸುಮಾರು 7:3ರಲ್ಲಿ ಇದ್ದವು. ಬೀಟಾ ನಿಧಾನವಾಗಿ ಆಲ್ಫಾ ಆಗುತ್ತದೆ. ಹಾಗಾಗಿ ಎರಡಕ್ಕೂ ಬೇರೆಬೇರೆ ಲೆಕ್ಕ ಹಾಕಲೇಬೇಕು. ಒಂದೇ ವಿಧಾನದ ಉತ್ತರವನ್ನು ನಾನು ನಂಬುವುದೂ ಇಲ್ಲ.

ದೊಡ್ಡಪ್ಪನಿಗೆ ಹೇಳಿದ್ದು ಇಷ್ಟು: ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗದ ಕುಡಿಯುವ ನೀರನ್ನೋ ತೋಡಿನ ಕೆಸರನ್ನೋ ಪರೀಕ್ಷೆಗೆ ಕೊಟ್ಟಾಗ ಎಂಡೋಸಲ್ಫಾನ್ ಮಾತ್ರ ನೋಡಿ "ಏನೂ ಇಲ್ಲ" ಅಂದರೆ ಒಪ್ಪಬೇಡಿ. ಸಲ್ಫೇಟ್ ಎಷ್ಟಿದೆ ಅಂತಲೂ ಕೇಳಿ. "ಹಾಗಾದರೆ ಅದರ ಹೆಸರು ಒಂದು ಚೀಟಿಯಲ್ಲಿ ಬರೆದು ಕೊಡು" ಅಂದರು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಕೊಟ್ಟೆ.